ಅಳೆಯದ ಗುದ್ದಿಗೆ ಮುದ್ರೆಯಿಲ್ಲ

ಕೆಲವರು ಹೋದಲ್ಲೆಲ್ಲ ನಾಯಿ ಅಟ್ಟಿಸಿಕೊಂಡು ಬರುತ್ತದೆ. ನನ್ನನ್ನು ಹೋದ ಊರಲ್ಲೆಲ್ಲ ಒಂದು ಪದ ಅಟ್ಟಿಸಿಕೊಂಡು ಬರುತ್ತದೆ. ಆ ಪದ ‘ಪಂಚ್’.

ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವನು. ಅಂಗಡಿಗಳ ತಕ್ಕಡಿ, ತೂಕದ ಕಲ್ಲು, ಎಣ್ಣೆ ಅಳೆಯುವ ಡಬ್ಬ ಇವನ್ನೆಲ್ಲ ಪರೀಕ್ಷಿಸಿ, ಸರಿಯಿದ್ದರೆ ಸರ್ಕಾರದ ಮುದ್ರೆ ಒತ್ತುವುದು ನನ್ನ ಕೆಲಸ. ಮುದ್ರೆಗೆ ಒಂದು ಉಕ್ಕಿನ ಕಡ್ಡಿ ಇರುತ್ತದೆ, ತುದಿಯಲ್ಲಿ ಅಕ್ಷರ ಕೆತ್ತಿರುತ್ತದೆ. ಅದನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದೇ ಏಟು. ಆ ಕಡ್ಡಿಯ ಹೆಸರೇ ಪಂಚ್. ಹಾಗಾಗಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕೂ ಊರಿನ ಬಜಾರುಗಳಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ಎಲ್ಲರಿಗೂ ನಾನು ‘ಪಂಚ್ ಸಾಹೇಬ್ರು’.

ಹೆಸರಿಗಿಂತ ಮೊದಲು ಜನ ಗುರುತಿಸುತ್ತಿದ್ದದ್ದು ನನ್ನ ಮೀಸೆಯನ್ನು. ಇಲಾಖೆ ಸೇರಿದ ವರ್ಷ ಬಿಟ್ಟ ಮೀಸೆ ಅದು. ಬೀದಿಯ ಆ ತುದಿಯಲ್ಲಿ ನಾನು ಜೀಪಿನಿಂದ ಇಳಿದರೆ ಈ ತುದಿಯಲ್ಲಿ, “ಲೇ, ಮೀಸೆ ಬಂತು ಕಣೋ, ಕಲ್ಲು ಎತ್ತಿಡೋ” ಎನ್ನುವುದು ನನ್ನ ಕಿವಿಗೇ ಬೀಳುತ್ತಿತ್ತು. ಓದಿದ್ದು ಕಾನ್ವೆಂಟಿನಲ್ಲಿ. ಬರೆಯುವ ಕನ್ನಡ ಕಲಿತದ್ದು ಅಂಗಡಿಯವರಿಗೆ ನೋಟಿಸು ಬರೆದು ಬರೆದು. ಆದ್ದರಿಂದ ಮುಂದೆ ಎಲ್ಲಾದರೂ ‘ತಕ್ಕದ್ದು’ ‘ಮಾಡತಕ್ಕದ್ದು’ ಎಂದು ಬಂದರೆ ಓದುಗರು ಹೆದರಬೇಕಾಗಿಲ್ಲ.

ಚಿಂತಾಮಣಿಯ ಮುಖ್ಯ ಅತಿಥಿ

ಇನ್ನೂ ಸರ್ವೀಸಿನಲ್ಲಿದ್ದಾಗ ಒಂದು ದಿನ ಚಿಂತಾಮಣಿಯ ಯುವಕರ ಸಂಘವೊಂದರ ಕಾರ್ಯದರ್ಶಿ ಆಫೀಸಿಗೆ ಬಂದ.

“ಸಾರ್, ಭಾನುವಾರ ನಮ್ಮ ಪ್ರೋಗ್ರಾಮಿಗೆ ನೀವೇ ಚೀಫ್ ಗೆಸ್ಟು. ಇಲ್ಲ ಅನ್ನಬಾರ್ದು.”

“ಯಾವ ಕಾರ್ಯಕ್ರಮ?”

“ಪಂಚ್ ಪ್ರೋಗ್ರಾಮೇ ಸಾರ್. ನಿಮ್ಮ ಲೈನೇ.”

ಗ್ರಾಹಕರ ಜಾಗೃತಿ ಶಿಬಿರ ಇರಬೇಕೆಂದು ತಿಳಿದು, ‘ಸರಿಯಾದ ತೂಕ, ಸರಿಯಾದ ಸಮಾಜ’ ಎಂದು ಹತ್ತು ಪುಟದ ಭಾಷಣ ಬರೆದುಕೊಂಡು ಹೋದೆ. ಹೋಗಿ ನೋಡಿದರೆ ಮೈದಾನದ ನಡುವೆ ನಾಲ್ಕು ಕಂಬ ನೆಟ್ಟು ಹಗ್ಗ ಕಟ್ಟಿದ್ದಾರೆ. ಒಳಗೆ ಇಬ್ಬರು ಹುಡುಗರು ಕೈಗೆ ದಿಂಬಿನಂಥ ಗ್ಲೌಸು ಹಾಕಿಕೊಂಡು ಕುಣಿಯುತ್ತಿದ್ದಾರೆ.

ಕಾರ್ಯದರ್ಶಿ ಪಕ್ಕದಲ್ಲಿ ಕೂತು ವಿವರಿಸಿದ. “ಆ ದಪ್ಪಗಿರೋನು ಹೆವಿವೇಟ್ ಸಾರ್. ಹಗ್ಗದಾಚೆ ಕಾಯ್ತಾ ಇರೋ ಕಡ್ಡಿಪೈಲ್ವಾನ್ ಫೆದರ್‌ವೇಟ್. ಫೆದರ್ ಅಂದ್ರೆ ಪುಕ್ಕ.”

“ಯಾವ ಹಕ್ಕಿಯ ಪುಕ್ಕ?”

“ಅಯ್ಯೋ ದೇವುಡಾ, ಅದು ಮಾತಿಗೆ ಸಾರ್. ತೀರಾ ಹಗುರ ಅಂತ.”

“ತೂಕದ ವಿಷಯದಲ್ಲಿ ‘ಮಾತಿಗೆ’ ಅನ್ನುವುದು ಇಲ್ಲ,” ಎಂದೆ.

ಅಷ್ಟರಲ್ಲಿ ಮೈಕಿನವನು ನನ್ನ ಪರಿಚಯ ಶುರು ಮಾಡಿದ. “ನಮ್ಮ ಚೀಫ್ ಗೆಸ್ಟು ಇಪ್ಪತ್ತೈದು ವರ್ಷದಿಂದ ಪಂಚ್ ಹೊಡೀತಾ ಅವ್ರೆ! ಇವರ ಪಂಚ್ ಬೀಳ್ದೇ ಇರೋ ಒಂದು ಬಜಾರ್ ತೋರ್ಸಿ ನೋಡಣ!” ಜನ ಶಿಳ್ಳೆ ಹಾಕಿದರು. ಸುಳ್ಳು ಪರಿಚಯವನ್ನು ಕೇಳಿಕೊಂಡು ಕೂರುವ ಅಭ್ಯಾಸ ನನಗಿಲ್ಲ. ಎದ್ದು ಹೋಗಿ ಮೈಕು ತೆಗೆದುಕೊಂಡೆ.

“ಇಲ್ಲಿ ಒಂದು ತಪ್ಪು ತಿಳಿವಳಿಕೆಯಾಗಿದೆ. ನಾನು ಈವರೆಗೆ ಒಬ್ಬ ಮನುಷ್ಯನಿಗೂ ಹೊಡೆದಿಲ್ಲ. ನಾನು ಹೊಡೆಯುವುದು ಕಬ್ಬಿಣಕ್ಕೆ.”

ಈ ಮಾತಿಗೆ ಬಿದ್ದ ಶಿಳ್ಳೆಗೆ ಪಕ್ಕದ ಹುಣಸೆಮರದ ಕಾಗೆಗಳೆಲ್ಲ ಎದ್ದು ಹೋದವು. ಗೆದ್ದ ಹೆವಿವೇಟು ಹುಡುಗ ಬಂದು ಕಾಲಿಗೆ ಬಿದ್ದು, ನನ್ನ ಬಲಗೈಯನ್ನೇ ನೋಡುತ್ತ ಮೆಲ್ಲಗೆ ಕೇಳಿದ: “ಸಾರ್, ದಿನಕ್ಕೆ ಎಷ್ಟು ಹೊಡೀತೀರ?”

“ಸಂತೆ ದಿನವಾದರೆ ಇನ್ನೂರು,” ಎಂದೆ.

ಬಹುಮಾನ ಕೊಡುವಾಗ ಅವನು ನನ್ನ ಕೈ ಕುಲುಕಲಿಲ್ಲ. ಎರಡು ಹೆಜ್ಜೆ ದೂರದಿಂದಲೇ ಕೈ ಮುಗಿದು ಹೋದ.

ಬೋಳ ಮತ್ತು ಗುಂಗುರು

ನಿವೃತ್ತಿಯಾಗಿ ಚಿಕ್ಕಬಳ್ಳಾಪುರದಲ್ಲಿ ನೆಲೆಸಿದ ಮೇಲೆ ಈ ಪಂಚಿನ ಕಾಟ ತಪ್ಪಿತೆಂದುಕೊಂಡಿದ್ದೆ. ಅದು ಸಲೂನಿನಲ್ಲಿ ಕಾದು ಕೂತಿತ್ತು.

ನಾನು ಹೋಗುವ ಸಲೂನಿನ ಮಾಲೀಕನನ್ನು ಊರೆಲ್ಲ ಸಲೂನಪ್ಪ ಎಂದೇ ಕರೆಯುತ್ತದೆ. ಅವನ ಅಂಗಡಿಗೆ ಬೋರ್ಡಿಲ್ಲ. ಬಾಗಿಲಲ್ಲಿ ನಿಂತ ಅವನ ಮೀಸೆಯೇ ಬೋರ್ಡು. ಅಲ್ಲಿಗೆ ದಿನಾ ಬಂದು ಪೇಪರ್ ಓದುವವರು ನಿವೃತ್ತ ಡ್ರಿಲ್ ಮೇಷ್ಟ್ರು. ಅವರದೂ ಮೀಸೆಯೇ, ಎರಡು ತುದಿಯೂ ಮೇಲಕ್ಕೆ ತಿರುಗಿ ‘ಅಟೆನ್ಷನ್’ನಲ್ಲಿ ನಿಂತಿರುವಂಥದ್ದು. ಇಬ್ಬರಿಗೂ ಒಂದೇ ಹುಚ್ಚು. ಸಲೂನಿನ ಟೀವಿಯಲ್ಲಿ ಹಳೆಯ ಹೆವಿವೇಟ್ ಬಾಕ್ಸಿಂಗ್ ಪಂದ್ಯಗಳನ್ನು ಹಾಕಿಕೊಂಡು, ಪ್ರಪಂಚದಲ್ಲಿ ಈವರೆಗೆ ಎಲ್ಲರಿಗಿಂತ ಜೋರಾಗಿ ಗುದ್ದಿದವನು ಯಾರು ಎಂದು ಜಗಳವಾಡುವುದು.

ಆ ಬಾಕ್ಸರುಗಳ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಸಲೂನಿನಲ್ಲಿ ಮೂವರು ಮೂರು ಥರ ಹೇಳುತ್ತಾರೆ, ಸರಿಯಾದ ಕಾಗುಣಿತ ಗೊತ್ತಿಲ್ಲದ ಹೆಸರನ್ನು ಬರೆಯುವವನು ನಾನಲ್ಲ. ಅಲ್ಲಿ ನಡೆಯುವ ಹೆಸರು ಎರಡೇ. ಮೇಷ್ಟ್ರ ಮೆಚ್ಚಿನವನಿಗೆ ತಲೆಯಲ್ಲಿ ಒಂದು ಕೂದಲಿಲ್ಲ, ಅವನು ‘ಬೋಳ’. ಸಲೂನಪ್ಪನ ಮೆಚ್ಚಿನವನು ‘ಗುಂಗುರು’.

“ಬೋಳನ ಬಲಗೈ ಬಿತ್ತು ಅಂದ್ರೆ ಎದುರಾಳಿಗೆ ಅವನ ಹೆಂಡ್ತಿ ಹೆಸರೂ ಮರ್ತೋಗ್ತಿತ್ತು,” ಎನ್ನುವರು ಮೇಷ್ಟ್ರು.

“ಹಂಗಾದ್ರೆ ಚಾಂಪಿಯನ್ ಯಾಕಾಗ್ಲಿಲ್ಲ?”

“ಚಾಂಪಿಯನ್ ಆಗೋದು ಬೇರೆ, ಗುದ್ದೋದು ಬೇರೆ ಕಣಯ್ಯ. ಚೆನ್ನಾಗಿ ಹಾಡೋರೆಲ್ಲ ಗಟ್ಟಿಯಾಗಿ ಕಿರುಚ್ತಾರಾ?”

“ಅವನು ಬೀಳ್ಸಿದವರಲ್ಲಿ ಅರ್ಧ ಜನ ಆಗ್ಲೇ ಬೀಳೋಕೆ ರೆಡಿ ಇದ್ದೋರು ಮೇಷ್ಟ್ರೇ. ನಮ್ಮ ಗುಂಗುರು ಬೀಳ್ಸಿದ್ದು ನಿಂತಿದ್ದ ಮರಗಳನ್ನ. ಆ ಎಡಗೈ ಬರೋದೇ ಕಾಣಲ್ಲ. ಕಾಣೋ ಏಟಿಗೆ ಯಾರೂ ಬೀಳಲ್ಲ, ಕಾಣ್ದೇ ಇರೋ ಏಟೇ ಬೀಳ್ಸೋದು.”

ಕುರ್ಚಿಯಲ್ಲಿ ಕೂತು ಅರ್ಧ ತಲೆ ಕ್ಷೌರ ಮಾಡಿಸಿಕೊಂಡಿದ್ದ ಗಿರಾಕಿಯೊಬ್ಬ ಮಧ್ಯೆ ಬಾಯಿ ಹಾಕಿದ. “ಈಗಿನವರು ಆರೂಮುಕ್ಕಾಲು ಅಡಿ ಅವ್ರಲ್ಲಣ್ಣ, ಅವರ ಗುದ್ದೇ ಜೋರಿರಬೇಕು.”

ಜಗಳವಾಡುತ್ತಿದ್ದ ಇಬ್ಬರೂ ಒಂದಾಗಿ ತಿರುಗಿಬಿದ್ದರು. “ನೀನ್ ಸುಮ್ನಿರಪ್ಪ. ಈಗಿನವೆಲ್ಲ ಬ್ರಾಯ್ಲರ್ರು!”

ನಾನು ಒಂದು ದಿನ ಸಲೂನಪ್ಪನನ್ನು ಪ್ರತ್ಯೇಕವಾಗಿ ಕೇಳಿದೆ. “ಬೋಳನ ಗುದ್ದು ಜೋರು ಎನ್ನುವುದಕ್ಕೆ ನಿನ್ನ ನಿಜವಾದ ಆಕ್ಷೇಪಣೆ ಏನು?”

ಅವನು ಕತ್ತರಿ ಕೆಳಗಿಟ್ಟು ಹೇಳಿದ. “ಮನಸ್ಸಾಕ್ಷಿಯಾಗಿ ಹೇಳ್ತೀನಿ ಸಾರ್. ಇಡೀ ಜನ್ಮದಲ್ಲಿ ಒಂದು ಸಲೂನಿಗೆ ಕಾಲಿಡದೇ ಇರೋನನ್ನ ನಾನು ದೊಡ್ಡೋನು ಅಂತ ಹೆಂಗೆ ಒಪ್ಪಲಿ?”

ಒಪ್ಪಂದ

ಜಗಳ ಬೆಳೆದು ಒಂದು ಭಾನುವಾರ ಮೀಸೆಗೆ ಬಂದು ನಿಂತಿತು. ಸೋತವರು ಮೀಸೆ ಬೋಳಿಸಬೇಕು. ಸರಿ, ಸೋತವರು ಯಾರೆಂದು ಹೇಳುವವರು ಯಾರು? ಇಬ್ಬರೂ ನನ್ನ ಕಡೆ ತಿರುಗಿದರು.

“ನಂಗೆ ಬಾಕ್ಸಿಂಗ್ ಗೊತ್ತಿಲ್ಲ,” ಎಂದೆ.

“ಗೊತ್ತಿರೋರೆಲ್ಲ ಒಂದೊಂದು ಕಡೆ ಸೇರ್ಕೊಂಡವ್ರೆ ಸಾರ್,” ಎಂದರು ಮೇಷ್ಟ್ರು. “ನೀವು ತೂಕದಲ್ಲಿ ಸುಳ್ಳು ಹೇಳಿದೋರಲ್ಲ. ನೀವು ಹೇಳಿದ್ದೇ ಫೈನಲ್ಲು.”

ಈ ಮಾತಿಗೆ ನಾನು ಒಪ್ಪಿದೆ. ಆದರೆ ಬಾಯಿಮಾತಿನ ಪಂದ್ಯ ನನಗಾಗದು. ಒಂದು ಹಾಳೆ ತರಿಸಿ ನಾನೇ ಬರೆದೆ.

ಒಂದು: ಹೆವಿವೇಟ್ ಚರಿತ್ರೆಯಲ್ಲಿ ಅತಿ ಜೋರಾದ ಗುದ್ದು ಬೋಳನದೋ ಗುಂಗುರಿನದೋ ಎಂಬುದು ವಿಷಯ. ಎರಡು: ಮುಂದಿನ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇದೇ ಸ್ಥಳದಲ್ಲಿ ತೀರ್ಪು. ಮೂರು: ಸೋತವರ ಮೀಸೆಯನ್ನು ಅದೇ ಕ್ಷಣ ಪೂರ್ತಿಯಾಗಿ ತೆಗೆಯತಕ್ಕದ್ದು. ನಾಲ್ಕು: ಈ ಪತ್ರಕ್ಕೆ ಸಹಿ ಹಾಕಿದ ಯಾರೇ ಆಗಲಿ, ಆ ದಿನ ತಾನು ಮಾಡಬೇಕಾದ್ದನ್ನು ಮಾಡದೆ ಹೋದಲ್ಲಿ, ಅವರನ್ನೇ ಸೋತವರೆಂದು ಭಾವಿಸತಕ್ಕದ್ದು.

“ನಾಲ್ಕನೇದು ಯಾಕೆ ಸಾರ್?” ಎಂದ ಸಲೂನಪ್ಪ.

“ನಿಮ್ಮಿಬ್ಬರಲ್ಲಿ ಒಬ್ಬರು ಆ ದಿನ ಹೊಟ್ಟೆನೋವು ಎಂದು ಮಲಗಿಬಿಟ್ಟರೆ?”

ಇಬ್ಬರೂ ಸಹಿ ಹಾಕಿದರು. ಕೆಳಗೆ ನಾನೂ ಹಾಕಿದೆ. ಹಾಳೆಯನ್ನು ಕನ್ನಡಿಯ ಹಿಂದೆ ಸಿಕ್ಕಿಸುತ್ತ ಸಲೂನಪ್ಪ, “ನನ್ನ ಮದುವೆ ಪತ್ರಕ್ಕೂ ಇಷ್ಟು ಓದಿ ಸೈನ್ ಹಾಕಿರಲಿಲ್ಲ ಸಾರ್,” ಎಂದ.

“ಓದಿದ್ದಿದ್ರೆ ಹಾಕ್ತಾ ಇರ್ಲಿಲ್ಲ ಬಿಡು,” ಎಂದರು ಮೇಷ್ಟ್ರು.

ಶಿಡ್ಲಘಟ್ಟದ ತಜ್ಞರು

ಸಹಿ ಹಾಕಿದ ಮೂರನೆಯ ದಿನ ವಿಷಯ ಗಂಭೀರವಾಯಿತು. ಮೇಷ್ಟ್ರ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಅವರಿಗೆ ಗುರುವಂದನೆ ಇಟ್ಟುಕೊಂಡರು. ತೀರ್ಪಿನ ಭಾನುವಾರ ಕಳೆದು ಮುಂದಿನ ಭಾನುವಾರವೇ ಸಮಾರಂಭ. ಫ್ಲೆಕ್ಸು ಆಗಲೇ ಪ್ರಿಂಟಾಗಿ ಬಸ್‌ಸ್ಟ್ಯಾಂಡಿನ ಹತ್ತಿರ ನಿಂತಿತ್ತು. ಹತ್ತಡಿ ಅಗಲದ ಫ್ಲೆಕ್ಸಿನಲ್ಲಿ ನಾಲ್ಕಡಿ ಮೀಸೆ. ಕೆಳಗೆ ‘ನಮ್ಮ ಹೆಮ್ಮೆಯ ಮೀಸೆ ಮೇಷ್ಟ್ರು’ ಎಂದು ಕೆಂಪಕ್ಷರ. ಮೇಷ್ಟ್ರು ಆ ಕಡೆ ಹಾದು ಹೋಗುವಾಗ ಫ್ಲೆಕ್ಸನ್ನೊಮ್ಮೆ ನೋಡುವರು, ಮೀಸೆಯನ್ನೊಮ್ಮೆ ಮುಟ್ಟಿಕೊಳ್ಳುವರು.

ಇಷ್ಟಾದ ಮೇಲೆ ತೀರ್ಪನ್ನು ಹಗುರವಾಗಿ ಕೊಡುವಂತಿರಲಿಲ್ಲ. ಸಾಕ್ಷ್ಯ ಬೇಕು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುವ ಒಬ್ಬ ಹಿರಿಯರಿದ್ದಾರೆ, ಕಾಲೇಜಿನಲ್ಲಿ ಬಾಕ್ಸಿಂಗ್ ಆಡಿದವರು, ಅವರಿಗೆ ತಿಳಿಯದ ಗುದ್ದಿಲ್ಲ ಎಂದು ಇಬ್ಬರೂ ಒಪ್ಪಿದರು. ನಾನು ನೋಟ್‌ಬುಕ್ಕು ಹಿಡಿದು ಬಸ್ಸು ಹತ್ತಿದೆ.

ಅವರು ಸಿಕ್ಕಿದ್ದು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ, ಹರಾಜಿನ ಹೊತ್ತಿನಲ್ಲಿ. ಎಲ್ಲೆಲ್ಲೂ ಗೂಡಿನ ರಾಶಿ, ಮೇಲೆ ಫ್ಯಾನಿನ ಗರಗರ, ಮೈಕಿನಲ್ಲಿ ಲಾಟ್ ನಂಬರು ಕೂಗುವ ಗಲಾಟೆ. ನಾನು ಅವರ ಕಿವಿಯ ಹತ್ತಿರ ಬಾಗಿ ಸ್ಪಷ್ಟವಾಗಿ ಕೇಳಿದೆ.

“ಹೆವಿವೇಟಿನಲ್ಲಿ ಅತ್ಯುತ್ತಮ ಗುದ್ದು ಯಾವುದು?”

“ತೂಕ ನೋಡಿ ಮೋಸ ಹೋಗ್ಬೇಡಿ ಸಾರ್. ತೂಕ ಯಾವುದಕ್ಕಾದ್ರೂ ಬರುತ್ತೆ. ಕಿವಿ ಹತ್ರ ತಂದಾಗ ಟಕ್ ಟಕ್ ಅನ್ಬೇಕು. ಆವಾಗ ಒಳಗೆ ಜೀವ ಐತೆ ಅಂತ.”

ಎಂಥ ಅನುಭವದ ಮಾತು! ‘ಕಿವಿಯ ಹತ್ತಿರ. ಟಕ್ ಟಕ್,’ ಎಂದು ಬರೆದುಕೊಂಡೆ.

“ಹಳೆಯ ಕಾಲದ್ದು ಮೇಲೋ, ಈಗಿನದೋ?”

“ಹಳೇದು ಗಟ್ಟಿ ಸಾರ್, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಈಗಿನದು ಉದ್ದ. ಒಂದೇ ಸಮ ಬರ್ತಾ ಇರುತ್ತೆ, ಮಧ್ಯೆ ಕಡಿಯೋದೇ ಇಲ್ಲ.”

‘ಈಗಿನವರು ಉದ್ದ. ಮಧ್ಯೆ ನಿಲ್ಲಿಸುವುದಿಲ್ಲ.’

“ಕಡೆಗೆ ನಿರ್ಧಾರ ಮಾಡುವುದು ಹೇಗೆ?”

“ಬಿಸಿನೀರಿಗೆ ಹಾಕ್ದಾಗ ಗೊತ್ತಾಗುತ್ತೆ. ಒಳ್ಳೇದಾದ್ರೆ ಸ್ವಲ್ಪ ಬೇಯಿಸಿದ್ರೆ ಸಾಕು, ತಾನಾಗೇ ಬಿಚ್ಕೊಳ್ಳುತ್ತೆ.”

ಇದೇನೋ ಹಳೆಯ ಕಾಲದ ತರಬೇತಿಯ ಕ್ರಮ ಇರಬೇಕೆಂದು ಅದನ್ನೂ ಬರೆದುಕೊಂಡೆ.

ಆ ವಾರದ ಭಾನುವಾರ ಸಲೂನಿನಲ್ಲಿ ತಜ್ಞರ ಹೇಳಿಕೆಯನ್ನು ನಿಂತುಕೊಂಡು ಓದಿದೆ. ಎಲ್ಲರೂ ಗಂಭೀರವಾಗಿ ಕೇಳಿದರು. “ಕಿವಿ ಹತ್ರ ಟಕ್ ಅನ್ಬೇಕು! ಎಂಥಾ ಮಾತು ಸಾರ್. ನಮ್ಮ ಬೋಳ ಹೊಡೀತಿದ್ದದ್ದೇ ಅಲ್ಲಿಗೆ,” ಎಂದು ಮೇಷ್ಟ್ರು ತೊಡೆ ತಟ್ಟಿದರು. “ಮಧ್ಯೆ ನಿಲ್ಸೋದೇ ಇಲ್ಲ ಅಂತಾರಲ್ಲ, ಅದು ಗುಂಗುರಿಗೆ ಹೇಳಿದ್ದು,” ಎಂದ ಸಲೂನಪ್ಪ. ಬಿಸಿನೀರಿನ ಸಾಲು ಬಂದಾಗ ಮಾತ್ರ ಅವನ ಕತ್ತರಿ ನಿಂತಿತು.

“ಸಾರ್, ನೀವು ಕೇಳಿದ್ದು ಗುದ್ದು. ಆಯಪ್ಪ ಹೇಳಿರೋದು ಗೂಡು.”

ನಾನು ಪುಟವನ್ನು ಮತ್ತೊಮ್ಮೆ ಓದಿದೆ. ಗೂಡೇ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗೂಡೇ. ನಿಯಮದಂತೆ ಪುಟಕ್ಕೆ ಅಡ್ಡಗೆರೆ ಎಳೆದು, ‘ರದ್ದು’ ಎಂದು ಬರೆದು, ದಿನಾಂಕ ಹಾಕಿ ಸಹಿ ಮಾಡಿದೆ. ಆಮೇಲೆ ಮೇಷ್ಟ್ರು ತಮ್ಮಷ್ಟಕ್ಕೆ ತಾವೇ ಅಂದುಕೊಂಡರು.

“ಅಲ್ಲ, ಬಾಕ್ಸರನ್ನ ಬೇಯಿಸಿದ್ರೆ ಏನು ಬಿಚ್ಕೊಳ್ಳುತ್ತೆ ಅಂತ ನಾನೂ ಯೋಚನೆ ಮಾಡ್ತಾ ಇದ್ದೆ.”

ಗೌರಿಬಿದನೂರಿನಲ್ಲಿ ಬಿದ್ದ ಬೀದಿ

ಸಾಕ್ಷಿಗಳನ್ನು ನಂಬಿ ಪ್ರಯೋಜನವಿಲ್ಲ, ಗುದ್ದನ್ನೇ ತೂಗಬೇಕು ಎಂದೆ. ಬೋಳನೂ ಗುಂಗುರೂ ಬರುವ ಹಾಗಿಲ್ಲ. ಆದರೆ ಇಬ್ಬರ ವರಸೆಯೂ ಇವರಿಬ್ಬರಿಗೆ ಬಾಯಿಪಾಠ. ಬೋಳನ ಬಲಗೈ ಗುದ್ದನ್ನು ಮೇಷ್ಟ್ರು, ಗುಂಗುರಿನ ಎಡಗೈ ಗುದ್ದನ್ನು ಸಲೂನಪ್ಪ ಒಂದೇ ತಕ್ಕಡಿಯ ಮೇಲೆ ಗುದ್ದಿದರೆ ವರಸೆಯ ಬಲವಾದರೂ ತಿಳಿದೀತು.

ಗೌರಿಬಿದನೂರಿನಲ್ಲಿ ಮೇಷ್ಟ್ರ ಷಡ್ಡಕನಿಗೆ ಮುಸುಕಿನ ಜೋಳದ ಮಂಡಿಯಿತ್ತು. ಮೂಟೆ ತೂಗುವ ದೊಡ್ಡ ಎಲೆಕ್ಟ್ರಾನಿಕ್ ತಕ್ಕಡಿ ಇತ್ತು. ಮೂವರೂ ಹೋದೆವು. ತಕ್ಕಡಿಯ ಮೇಲೆ ಅರ್ಧ ಮೂಟೆ ಜೋಳ ಮಲಗಿಸಿದ್ದಾಯಿತು. ಮೇಷ್ಟ್ರು ಶರಟಿನ ತೋಳು ಮಡಿಸಿ, ಮೀಸೆ ತೀಡಿ, “ಬೋಳ, ಹನ್ನೊಂದನೇ ರೌಂಡು,” ಎಂದು ಘೋಷಿಸಿ, ಮೂಟೆಗೆ ಗುದ್ದಿದರು. ಪರದೆಯ ಮೇಲೆ ನಂಬರುಗಳು ಹುಚ್ಚೆದ್ದು ಓಡಿ ಎಲ್ಲೋ ಒಂದು ಕಡೆ ನಿಂತವು.

“ಬರ್ಕೊಳ್ಳಿ ಸಾರ್, ಬರ್ಕೊಳ್ಳಿ!” ಎಂದರು, ಕೈ ಜಾಡಿಸುತ್ತ.

ನಾನು ಬರೆದುಕೊಳ್ಳಲಿಲ್ಲ. ಅಭ್ಯಾಸಬಲದಿಂದ ಬಾಗಿ ತಕ್ಕಡಿಯ ಪಕ್ಕದ ಮುದ್ರೆ ನೋಡುತ್ತಿದ್ದೆ.

“ಈ ತಕ್ಕಡಿಗೆ ಮುದ್ರೆಯ ಅವಧಿ ಮುಗಿದಿದೆ. ಈ ಗುದ್ದು ಊರ್ಜಿತವಲ್ಲ.”

ನಾನು ಹೇಳಿದ್ದು ಗುದ್ದಿನ ಬಗ್ಗೆ. ಆದರೆ ಬಾಗಿ ಮುದ್ರೆ ನೋಡುತ್ತಿರುವ ನನ್ನನ್ನೂ ನನ್ನ ಮೀಸೆಯನ್ನೂ ಬೀದಿಯಿಂದ ಒಬ್ಬ ಹಮಾಲಿ ನೋಡಿಬಿಟ್ಟ. ನಾನು ನಿವೃತ್ತನಾದದ್ದು ಅವನಿಗೇನು ಗೊತ್ತು? “ರೇಯ್, ಪಂಚ್ ಸಾರು ವಚ್ಚಿನಾಡು ರಾ!” ಎಂದು ತೆಲುಗಿನಲ್ಲಿ ನಾನು ಬಂದದ್ದನ್ನು ಸಾರಿದ್ದು ಕೇಳಿಸಿತು. ಎದುರಿನ ಕಿರಾಣಿ ಅಂಗಡಿಯ ಶಟರು ದಡಾರನೆ ಬಿತ್ತು. ಅದರ ಪಕ್ಕದ್ದು ಬಿತ್ತು. ತರಕಾರಿಯ ಅಜ್ಜಿ ತಕ್ಕಡಿಯ ಮೇಲೆ ಗೋಣಿಚೀಲ ಮುಚ್ಚಿ ಅದರ ಮೇಲೆಯೇ ಕೂತಳು. ನಾವು ಹೊರಗೆ ಬರುವ ಹೊತ್ತಿಗೆ ಬೀದಿಯಲ್ಲಿ ತೆರೆದಿದ್ದದ್ದು ಒಂದು ಔಷಧದ ಅಂಗಡಿ ಮಾತ್ರ.

ಮೇಷ್ಟ್ರು ಉದ್ದಕ್ಕೂ ನೋಡಿ, ಊದಿಕೊಂಡ ಬೆರಳುಗಳನ್ನು ಊದಿಕೊಳ್ಳುತ್ತ ಹೇಳಿದರು.

“ಮೂಟೆಗೆ ಗುದ್ದಿದ್ದು ನಾನು. ನಾಕೌಟ್ ಆಗಿದ್ದು ಬೀದಿ.”

ಸಲೂನಪ್ಪನ ಎಡಗೈಗೆ ಸರದಿಯೇ ಬರಲಿಲ್ಲ. ಷಡ್ಡಕ ತಕ್ಕಡಿಯನ್ನೇ ಎತ್ತಿಸಿ ಒಳಗಿಟ್ಟು ಬೀಗ ಹಾಕಿಬಿಟ್ಟಿದ್ದ.

ಎರಡು ಕೆಜಿ ದ್ರಾಕ್ಷಿ

ತೀರ್ಪಿಗೆ ಮೂರು ದಿನವಿದ್ದಾಗ ಮೇಷ್ಟ್ರು ಒಬ್ಬರೇ ಮನೆಗೆ ಬಂದರು. ಕೈಯಲ್ಲೊಂದು ಚೀಲ. ಮೊದಲು ಮಳೆಯ ವಿಷಯ ಮಾತಾಡಿದರು, ಆಮೇಲೆ ಮಂಡಿನೋವಿನ ವಿಷಯ. ಕಡೆಗೆ ತಲೆ ತಗ್ಗಿಸಿ ಹೇಳಿದರು.

“ಸಾರ್, ಬೋಳ ಸೋತರೆ ಸೋಲಲಿ. ಅವನಿಗೇನು, ಮೀಸೆನೂ ಇಲ್ಲ. ಆದ್ರೆ ಮುನ್ನೂರು ಜನ ಹಳೇ ಹುಡುಗರು ಬರ್ತಾರೆ. ಮೂವತ್ತು ವರ್ಷ ಬಿಸಿಲಲ್ಲಿ ನಿಲ್ಸಿ ಬೈದಿದ್ದೀನಿ ಅವರನ್ನ. ಒಬ್ಬನೂ ನನ್ನ ಮುಖ ನೋಡಿಲ್ಲ ಸಾರ್, ಎಲ್ಲ ಮೀಸೆ ನೋಡೇ ಹೆದರಿದ್ದು. ಬರೀ ಮುಖ ಇಟ್ಕೊಂಡು ಸ್ಟೇಜಿಗೆ ಹೋದ್ರೆ, ಇದ್ಯಾರಪ್ಪ ಅಂತ ಕೆಳಗಿಳಿಸ್ತಾರೆ.”

ಹೇಳುವಾಗ ನಕ್ಕರು, ಆದರೆ ಚೀಲದ ಹಿಡಿಯನ್ನು ತಿರುಚುತ್ತಲೇ ಇದ್ದರು. ನನಗೂ ಕನಿಕರವಾಯಿತು. ಕನಿಕರ ಬೇರೆ, ತೀರ್ಪು ಬೇರೆ.

“ಆ ಚೀಲದಲ್ಲಿ ಏನು?”

“ಏನಿಲ್ಲ ಸಾರ್, ಎರಡು ಕೆಜಿ ದ್ರಾಕ್ಷಿ. ಮನೇಲಿ ಮಕ್ಕಳಿಗೆ.”

“ಮನೆಯಲ್ಲಿ ಮಕ್ಕಳಿಲ್ಲ. ಪ್ರಕರಣ ನಡೆಯುತ್ತಿರುವಾಗ ಕಕ್ಷಿದಾರರಿಂದ ನಾನು ಏನನ್ನೂ ತೆಗೆದುಕೊಳ್ಳುವುದಿಲ್ಲ.” ಚೀಲವನ್ನು ಹಿಂದಿರುಗಿಸುವ ಮುನ್ನ, ಕೊಟ್ಟಷ್ಟನ್ನೇ ಹಿಂದಿರುಗಿಸಿದ್ದೇನೆಂದು ದಾಖಲೆ ಇರಲಿ ಎಂದು ಅಡಿಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದೆ. “ಮೇಷ್ಟ್ರೇ, ಇದು ಎರಡು ಕೆಜಿ ಅಲ್ಲ. ನೂರ ಎಪ್ಪತ್ತು ಗ್ರಾಂ ಕಡಿಮೆಯಿದೆ.”

ಮೇಷ್ಟ್ರ ಮುಖ ಕೆಂಪಾಯಿತು. ಚೀಲ ಎತ್ತಿಕೊಂಡು ಮಾತಾಡದೆ ಹೊರಟುಹೋದರು. ಲಂಚದ ಯತ್ನಕ್ಕೆ ನಾಚಿಕೆಪಟ್ಟರೆಂದುಕೊಂಡೆ. ಅರ್ಧ ಗಂಟೆ ಕಳೆದು ಅದೇ ಚೀಲ ಹಿಡಿದು ಮತ್ತೆ ಬಾಗಿಲಲ್ಲಿ ನಿಂತಿದ್ದರು.

“ಹಣ್ಣಿನೋನ ಹತ್ರ ಜಗಳ ಮಾಡಿ ಸರಿ ಮಾಡಿಸ್ಕೊಂಡು ಬಂದೆ ಸಾರ್. ಈಗ ಕರೆಕ್ಟಾಗಿ ಎರಡು ಕೆಜಿ. ಈಗ ತಗೋಬಹುದಲ್ಲ?”

ಇತ್ತ ಸಲೂನಪ್ಪನೂ ಸುಮ್ಮನಿರಲಿಲ್ಲ. ಆ ವಾರ ನನ್ನ ತಲೆಗೆ ಮಾಡಿದ ಮಾಲೀಶು ಮುಗಿಯುವ ಹಾಗೆ ಕಾಣಲಿಲ್ಲ. “ಇದಕ್ಕೂ ತೀರ್ಪಿಗೂ ಸಂಬಂಧ ಇಲ್ಲ ತಾನೇ?” ಎಂದು ಕೇಳಿದೆ. “ಛೆ ಛೆ, ಎಂಥಾ ಮಾತು ಸಾರ್,” ಎಂದು ಇನ್ನಷ್ಟು ಎಣ್ಣೆ ಸುರಿದು, ಎಡಗೈಯಿಂದಲೇ ತಟ್ಟುತ್ತ ಕೇಳಿದ. “ಎಡಗೈ ಹೆಂಗಿದೆ ಸಾರ್? ಬರೋದು ಕಾಣುತ್ತಾ?”

ತೀರ್ಪು

ಭಾನುವಾರ ಹತ್ತಕ್ಕೆ ಸಲೂನು ತುಂಬಿತ್ತು. ಪಕ್ಕದ ಚಿನ್ನದಂಗಡಿಯವರು, ಎದುರಿನ ಟೀ ಅಂಗಡಿಯವರು, ಕ್ಷೌರಕ್ಕೆಂದು ಬಂದು ಕ್ಷೌರ ಮರೆತವರು. ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಶರಟಿನಲ್ಲಿ, ನೆಟ್ಟಗೆ, ಬೆವರುತ್ತ ಕೂತಿದ್ದರು. ಸಲೂನಪ್ಪ ಹೊಸ ಬ್ಲೇಡು ತೆಗೆದು ಮೇಜಿನ ಮೇಲಿಟ್ಟಿದ್ದ. ಸೋತರೆ ತನ್ನದನ್ನು ತಾನೇ ತೆಗೆದುಕೊಳ್ಳುವುದು, ಗೆದ್ದರೆ ಮೇಷ್ಟ್ರದು.

ನಾನು ಎದ್ದು ನಿಂತು ಓದಿದೆ.

“ಬೋಳನೂ ಗುಂಗುರೂ ಬೇರೆ ಬೇರೆ ಕಾಲದವರು. ಇಬ್ಬರ ಗುದ್ದನ್ನೂ ಒಂದೇ ಯಂತ್ರದಲ್ಲಿ, ಮುದ್ರೆಯಿರುವ ಯಂತ್ರದಲ್ಲಿ, ಯಾರೂ ಅಳೆದಿಲ್ಲ. ಇಬ್ಬರ ಕೈಯಲ್ಲೂ ಗುದ್ದಿಸಿಕೊಂಡವರನ್ನು ಕೇಳೋಣವೆಂದರೆ, ಜೋರಾಗಿ ಬಿದ್ದವನಿಗೆ ಏಟು ನೆನಪಿರುವುದಿಲ್ಲ, ನೆನಪಿರುವ ಏಟು ಅಷ್ಟು ಜೋರಿನದಲ್ಲ. ಮೂವತ್ತು ವರ್ಷ ನಾನು ಅಳೆಯದೆ ಒಂದು ಕಲ್ಲಿಗೂ ಮುದ್ರೆ ಒತ್ತಿಲ್ಲ. ಅಳೆಯದ ಗುದ್ದಿಗೂ ಒತ್ತುವುದಿಲ್ಲ. ಆದ್ದರಿಂದ ಈ ವಿಷಯದಲ್ಲಿ ನಾನು ತೀರ್ಪು ಕೊಡುವುದಿಲ್ಲ.”

ಮೇಷ್ಟ್ರು ದೊಡ್ಡದಾಗಿ ಉಸಿರು ಬಿಟ್ಟು ಮೀಸೆಯ ಎರಡು ತುದಿಯನ್ನೂ ಮುಟ್ಟಿಕೊಂಡರು. “ಡ್ರಾ! ಡ್ರಾ!” ಎಂದು ಯಾರೋ ಚಪ್ಪಾಳೆ ತಟ್ಟಿದರು. ನಾನು ಕನ್ನಡಕ ಒರೆಸಿ ಜೇಬಿಗೆ ಹಾಕಿ ಕೂತುಕೊಂಡೆ. ಒಬ್ಬನಿಗೂ ಅನ್ಯಾಯವಾಗದಂತೆ ಕೆಲಸ ಮುಗಿಸಿದ ಸಮಾಧಾನ.

ಸಲೂನಪ್ಪ ಮಾತ್ರ ಕನ್ನಡಿಯ ಹಿಂದಿನಿಂದ ಹಾಳೆ ತೆಗೆದು, ತುಟಿ ಅಲ್ಲಾಡಿಸುತ್ತ ಓದುತ್ತಿದ್ದ.

“ಸಾರ್, ಈ ನಾಲ್ಕನೇದು ಸ್ವಲ್ಪ ನೋಡಿ.”

“ಏನಿದೆ ಅದರಲ್ಲಿ?”

“‘ಸಹಿ ಹಾಕಿದ ಯಾರೇ ಆಗಲಿ, ಆ ದಿನ ತಾನು ಮಾಡಬೇಕಾದ್ದನ್ನು ಮಾಡದೆ ಹೋದಲ್ಲಿ...’ ನಾವಿಬ್ಬರೂ ಮಾಡಬೇಕಾಗಿದ್ದು ಬರೋದು. ಬಂದಿದ್ದೀವಿ. ನೀವು ಮಾಡಬೇಕಾಗಿದ್ದು ತೀರ್ಪು.”

“ಅದು ಕಕ್ಷಿದಾರರಿಗೆ ಬರೆದದ್ದು.”

“ಕಕ್ಷಿದಾರರು ಅಂತ ಇಲ್ಲ ಸಾರ್. ‘ಯಾರೇ ಆಗಲಿ’ ಅಂತ ಐತೆ. ನಿಮ್ಮ ಅಕ್ಷರಾನೇ. ಕೆಳಗೆ ನಿಮ್ಮ ಸೈನೂ ಐತೆ.”

ಹಾಳೆ ತೆಗೆದುಕೊಂಡು ಮೂರು ಸಲ ಓದಿದೆ. ಒಂದೇ ಒಂದು ಪದ ಬದಲಾಗಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ಬದಲಾಗಿರಲಿಲ್ಲ. ಮೂವತ್ತು ವರ್ಷದಲ್ಲಿ ನಾನು ಬರೆದ ನೋಟಿಸುಗಳಲ್ಲಿ ಒಂದನ್ನೂ ಯಾವ ಅಂಗಡಿಯವನೂ ಸಂದು ಹುಡುಕಿ ಒಡೆದಿರಲಿಲ್ಲ. ಇದನ್ನು ನಾನೂ ಒಡೆಯಲಾಗಲಿಲ್ಲ.

ಎದ್ದು ಹೋಗಿ ಕುರ್ಚಿಯಲ್ಲಿ ಕೂತೆ. “ತೆಗಿ.”

ಸಲೂನಪ್ಪನ ಮುಖ ಬಿಳುಚಿತು. “ಅಯ್ಯೋ ಸಾರ್, ತಮಾಷೆಗೆ ಅಂದೆ. ಬಿಡಿ ಅತ್ಲಾಗೆ.”

“ಏನ್ರೀ ಇದು, ಏಳಿ ಸಾರ್,” ಎಂದು ಮೇಷ್ಟ್ರು ಬಂದು ಕೈ ಹಿಡಿದರು. “ಬೇಕಿದ್ರೆ ನನ್ನದೇ ತೆಗೀಲಿ. ಫ್ಲೆಕ್ಸ್ ಸಾಯ್ಲಿ.”

“ನಿಮ್ಮದು ತೆಗೆಯಲು ಷರತ್ತಿನಲ್ಲಿ ಅವಕಾಶವಿಲ್ಲ,” ಎಂದೆ. “ಮೂರನೆಯ ಷರತ್ತಿನಂತೆ ಅದೇ ಕ್ಷಣ, ಪೂರ್ತಿಯಾಗಿ. ಈಗಾಗಲೇ ಐದು ನಿಮಿಷ ತಡವಾಗಿದೆ. ಕೆಲಸ ನೋಡು.”

ಸಲೂನಪ್ಪ ನೊರೆ ಹಚ್ಚುವಾಗ, “ನಾಲ್ಕು ತಾಲ್ಲೂಕಿನ ಮೀಸೆ ಸಾರ್ ಇದು, ನನ್ನ ಕೈಯಲ್ಲಿ ಹೋಗ್ಬೇಕಾ,” ಎಂದು ಗೊಣಗಿದ. ಎರಡು ನಿಮಿಷದಲ್ಲಿ ಮುಗಿಯಿತು. ಕನ್ನಡಿಯಲ್ಲಿ ನೋಡಿದರೆ ಕಾನ್ವೆಂಟಿನ ಗ್ರೂಪ್ ಫೋಟೋದಲ್ಲಿ ಮೂರನೆಯ ಸಾಲಿನಲ್ಲಿ ನಿಂತಿದ್ದ ಹುಡುಗ, ನೆರೆತ ಕೂದಲಿನೊಂದಿಗೆ, ನನ್ನನ್ನೇ ನೋಡುತ್ತಿದ್ದ. ಸಲೂನಿನಲ್ಲಿ ಎಲ್ಲರ ಕಣ್ಣೂ ನನ್ನ ಮೂಗಿನ ಕೆಳಗೆ, ಕಿತ್ತುಹಾಕಿದ ಬೋರ್ಡಿನ ಜಾಗವನ್ನು ನೋಡುವ ಹಾಗೆ.

ಅದನ್ನು ನೋಡಲಾರದೆ ಮೇಷ್ಟ್ರೇ ಎದ್ದರು. ಬಟ್ಟೆಯ ಮೇಲೆ ಬಿದ್ದ ಕೂದಲನ್ನು ಜೋಪಾನವಾಗಿ ನೊರೆಯಿಂದ ಬಿಡಿಸಿ, ಒರೆಸಿ, ಪೇಪರಿನ ಚೂರಿನಲ್ಲಿ ಕಟ್ಟಿಕೊಂಡು ಪಕ್ಕದ ಚಿನ್ನದಂಗಡಿಗೆ ನಡೆದರು. ಅಲ್ಲಿ ಮಿಲಿಗ್ರಾಂ ತೂಗುವ ತಕ್ಕಡಿಯಿದೆ. ನನಗೆ ಎದ್ದು ಹೋಗಲು ಮನಸ್ಸಾಗಲಿಲ್ಲ, ಕೂತಲ್ಲಿಂದಲೇ ಕೂಗಿದೆ.

“ಮೊದಲು ಮುದ್ರೆಯ ಅವಧಿ ನೋಡಿ!”

“ನೋಡ್ದೆ ಸಾರ್, ಇನ್ನೂ ಐತೆ!” ಎಂದು ಅಲ್ಲಿಂದ ಉತ್ತರ ಬಂತು.

ಸ್ವಲ್ಪ ಹೊತ್ತಿಗೆ ಮೇಷ್ಟ್ರು ಹಿಂದಿರುಗಿ ಬಂದು, ಡ್ರಿಲ್ಲಿನಲ್ಲಿ ವರದಿ ಒಪ್ಪಿಸುವವರ ಹಾಗೆ ಬಾಗಿಲಲ್ಲಿ ಅಟೆನ್ಷನ್ ನಿಂತರು.

“ಎಷ್ಟು ಬಂತು?” ಎಂದೆ.

“ಅರ್ಧ ಗ್ರಾಮೂ ಇಲ್ಲ ಸಾರ್. ನಾಲ್ಕು ತಾಲ್ಲೂಕಿನ ಬಜಾರು ಮೂವತ್ತು ವರ್ಷ ಇದಕ್ಕೆ ಹೆದರಿ ಶಟರ್ ಹಾಕ್ತು. ನಾವೆಲ್ಲ ಹೆವಿವೇಟು ಅಂದ್ಕೊಂಡಿದ್ವಿ.” ಪೇಪರಿನ ಪೊಟ್ಟಣವನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದರು. “ಮುದ್ರೆ ಇರೋ ತಕ್ಕಡೀಲೇ ತೂಗಿದ್ದೀನಿ, ಸುಳ್ಳಾಗಲ್ಲ. ಫೆದರ್‌ವೇಟ್ ಸಾರ್.”